ರೂವಾರಿ ಮಲ್ಲಿತಮ್ಮ

ಶ್ರೀಮಠದ ಮಹೋತ್ಸವದ ಈ ಸ್ಮಾರಕ ಸಂಪುಟದಲ್ಲಿ ಗುರುವರ್ಯರ ಚರಿತ್ರೆಯೂ, ಶರಣರ ಮಹಿಮೆಯೂ, ದಾನಶೂರರ ಕೀರ್ತಿಯೂ ಪ್ರಕಟವಾಗುವುದು ಉಚಿತವೇ ಸರಿ. ಇವುಗಳ ನಡುವೆ ಕಲ್ಲನ್ನು ಕೆತ್ತಿ ಜೀವಿಸಿದ ಒಬ್ಬ ರೂವಾರಿಯ ಚರಿತ್ರೆಗೆ ಎಡೆಯೆಲ್ಲಿಯದೆಂದು ಕೆಲವು ಭಕ್ತ ಮಹಾಶಯರು ಶಂಕಿಸಬಹುದು. ದೇಹವನ್ನೇ ದೇಗುಲವೆಂದು ಬಗೆದ ಶರಣರ ಸಂತತಿಯವರಿಗೆ ಕಲ್ಲಿನ ಗುಡಿಯನ್ನು ಕಟ್ಟಿದವನಲ್ಲಿ ಏನು ಪ್ರಯೋಜನವೆಂದೂ ಕೇಳಬಹುದು. ಆದರೆ ಕಾಯಕದ ಹಿರಿಮೆಯನ್ನು ಲೋಕಕ್ಕೆ ಸಾರಿದ ಪರಂಪರೆಯೇ ನಮ್ಮದು. ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ನೆಲದಲ್ಲಿ ತನ್ನ ಕಾಯಕವನ್ನು ಮೊದಲುಮಾಡಿ, ಸುಮಾರು ಅರುವತ್ತು ವರ್ಷಗಳ ಕಾಲ ಅದನ್ನು ಬಿಡದೆ ನಡೆಸಿದನೆಂದು ಕಲ್ಲುಗಳೇ ಸಾಕ್ಷಿ ಹೇಳುವ ಒಬ್ಬ ಕಾಯಕಜೀವಿಯನ್ನು ನಾವು ಮರೆತರೆ ಅದು ನಮಗೇ ನಷ್ಟವು.

ಅವನನ್ನು ಈಗ ನೆನೆಯುವುದಕ್ಕೆ ಮತ್ತೊಂದು ಕಾರಣವೂ ಉಂಟು. ಇಂದಿನ ಶಿಲ್ಪಶಾಲೆಗಳಲ್ಲಿ ವಿದ್ಯುತ್ತಿನಿಂದ ತಿರುಗುವ ಚಕ್ರಗಳು ಕಲ್ಲನ್ನು ಬೆಣ್ಣೆಯಂತೆ ಸೀಳುತ್ತವೆ. ಗಣಕಯಂತ್ರದ ಆಜ್ಞೆಯಂತೆ ಚಲಿಸಿ ಆಕೃತಿಯನ್ನು ತೆಗೆಯುವ ಯಂತ್ರಗಳೂ ಬಂದಿವೆ. ಆದುದರಿಂದ ಊರಿಗೊಂದು ಮೂರ್ತಿಯನ್ನೋ ಮಹಾದ್ವಾರವನ್ನೋ ಮಾಡಿಸುವಾಗ, ಯಂತ್ರ ಮುಟ್ಟಿದ ಕೆಲಸಕ್ಕೆ ಬೆಲೆಯುಂಟೇ, ಕೈಯುಳಿಯ ಕೆಲಸವೊಂದೇ ಕಲೆಯೇ ಎಂಬ ಚರ್ಚೆಯು ಹಿರಿಯರಲ್ಲಿಯೂ ತರುಣರಲ್ಲಿಯೂ ಏಳುವುದು ಸಹಜ. ಕಲೆಯ ಬೆಲೆಯು ಸಲಕರಣೆಯಲ್ಲಿರುವುದೋ, ಅದನ್ನು ಹಿಡಿದವನಲ್ಲಿರುವುದೋ? ಈ ಪ್ರಶ್ನೆಯು ಹೊಸದಲ್ಲ. ಮಲ್ಲಿತಮ್ಮನ ಬಾಳು ಇದಕ್ಕೆ ತಕ್ಕ ಉತ್ತರವನ್ನು ಕೊಡುತ್ತದೆ.

ಹೊಯ್ಸಳ ಚಕ್ರವರ್ತಿಯಾದ ಇಮ್ಮಡಿ ವೀರಬಲ್ಲಾಳನು ೧೧೭೩ರಿಂದ ೧೨೨೦ರವರೆಗೆ ಈ ನಾಡನ್ನಾಳಿದನು. ಕಲ್ಯಾಣದಲ್ಲಿ ಬಸವಾದಿ ಪ್ರಮಥರು ಬೆಳಗಿಸಿದ ಜ್ಯೋತಿಯು ನಾಡಿನ ಮೂಲೆಮೂಲೆಗೆ ಹರಡುತ್ತಿದ್ದ ಕಾಲವದು. ಆ ಬಲ್ಲಾಳನ ದಂಡನಾಯಕನಾದ ಅಮೃತೇಶ್ವರನು, ತರೀಕೆರೆಯಿಂದ ಕೆಲವು ಮೈಲಿಗಳ ದೂರದಲ್ಲಿರುವ ಅಮೃತಾಪುರದಲ್ಲಿ ೧೧೯೬ರಲ್ಲಿ ಅಮೃತೇಶ್ವರ ದೇವಾಲಯವನ್ನು ಕಟ್ಟಿಸಿದನು. ಅದು ಒಂದೇ ಗರ್ಭಗೃಹವುಳ್ಳ ಏಕಕೂಟ ಶಿವಾಲಯವು. ಒಂಬತ್ತು ಅಂಕಣಗಳ ಒಳಮಂಟಪವೂ, ಇಪ್ಪತ್ತೊಂಬತ್ತು ಅಂಕಣಗಳ ವಿಶಾಲವಾದ ತೆರೆದ ಮಂಟಪವೂ ಅದಕ್ಕೆ ಸೇರಿವೆ. ತೆರೆದ ಮಂಟಪದ ಹೊರಗೋಡೆಯಲ್ಲಿ ೧೪೦ ಫಲಕಗಳಿವೆ. ತೆಂಕಣ ಭಾಗದ ೭೦ ಫಲಕಗಳಲ್ಲಿ ರಾಮಾಯಣವು ರೂಢಿಗೆ ವಿರುದ್ಧವಾಗಿ ಅಪ್ರದಕ್ಷಿಣವಾಗಿ ಸಾಗುವುದು. ಬಡಗಣ ಭಾಗದಲ್ಲಿ ಶ್ರೀಕೃಷ್ಣನ ಲೀಲೆಗೆ ೨೫, ಮಹಾಭಾರತಕ್ಕೆ ೪೫ ಫಲಕಗಳು ಮೀಸಲಾಗಿವೆ. ನಮ್ಮ ಚರಿತ್ರನಾಯಕನು ತನ್ನ ಕೆಲಸವನ್ನು ಆರಂಭಿಸಿದುದು ಇಲ್ಲಿಯೇ. ಅದೂ ಎಲ್ಲರ ಕಣ್ಣಿಗೆ ಬೀಳುವ ಈ ಗೋಡೆಗಳಲ್ಲಲ್ಲ, ತಲೆಯೆತ್ತಿ ನೋಡಿದವರಿಗೆ ಮಾತ್ರ ಕಾಣುವ ಮಂಟಪದ ಗುಮ್ಮಟಾಕಾರದ ಭುವನೇಶ್ವರಿಗಳಲ್ಲಿ.

ರೂವಾರಿಯೆಂದರೆ ರೂಪವನ್ನು ಮಾಡುವವನು. ಮಲ್ಲಿತಮ್ಮನ ವಂಶಾವಳಿಯನ್ನಾಗಲಿ, ಬಿರುದಾವಳಿಯನ್ನಾಗಲಿ ಕೆತ್ತಿದ ಕಲ್ಲಿಲ್ಲ. ಅವನಿಗಿಂತ ಮುಂಚೆ, ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ದೇವಾಲಯದಲ್ಲಿ ಕೆಲಸಮಾಡಿದ ಬಳ್ಳಿಗಾವೆಯ ದಾಸೋಜನೂ ಅವನ ಮಗನಾದ ಚಾವಣನೂ ತಮ್ಮ ಊರನ್ನೂ ಬಿರುದುಗಳನ್ನೂ ಮೂರ್ತಿಗಳ ಪೀಠದ ಮೇಲೆ ಬರೆದುಕೊಂಡರು. ಮಲ್ಲಿತಮ್ಮನಾದರೋ ಬಹು ಕಡೆ ತನ್ನ ಹೆಸರನ್ನು ಮಲ್ಲಿಯೆಂದು ಮೊಟಕುಮಾಡಿದನು. ಕೆಲವೆಡೆ ಮ ಎಂಬ ಒಂದೇ ಅಕ್ಷರದಲ್ಲಿ ಮುಗಿಸಿದನು. ಶರಣರು ತಮ್ಮ ಹೆಸರನ್ನು ಮರೆಸಿ ಇಷ್ಟದೈವದ ನಾಮವನ್ನು ಅಂಕಿತವಾಗಿಟ್ಟರು. ಈ ರೂವಾರಿಯು ತನ್ನ ಹೆಸರಿನಲ್ಲಿ ಒಂದಕ್ಷರವನ್ನಷ್ಟೇ ಉಳಿಸಿದನು. ಹೀಗಿದ್ದರೂ ಆ ಒಂದಕ್ಷರದ ಜಾಡನ್ನು ಹಿಡಿದು ಅವನ ಬಾಳಿನ ಹಾದಿಯನ್ನು ಕಾಣುವುದು ಸಾಧ್ಯವಾಗಿದೆ.

ಇನ್ನು ಅವನು ಬಳಸಿದ ಸಾಧನಗಳ ವಿಚಾರ. ಹೊಯ್ಸಳ ಶಿಲ್ಪಿಗಳ ಕಲ್ಲು ನಮ್ಮವರು ಬಳಪದ ಕಲ್ಲೆಂದು ಕರೆಯುವ ಮೃದುಶಿಲೆ. ಗಣಿಯಿಂದ ತೆಗೆದಾಗ ಇದು ಮೆತ್ತಗಿದ್ದು ಸಣ್ಣ ಉಳಿಗೂ ವಶವಾಗುವುದು. ಗಾಳಿಬಿಸಿಲುಗಳಿಗೆ ಮೈಯೊಡ್ಡಿದ ಮೇಲೆ ಕ್ರಮೇಣ ಗಡುಸಾಗುವುದು. ಈ ಕಾರಣವನ್ನೇ ಹಿಡಿದು ಕೆಲವರು ಹೊಯ್ಸಳ ಶಿಲ್ಪವನ್ನು ಕಡಿಮೆಮಾಡಿ ಹೇಳುವುದುಂಟು. ದಂತವನ್ನೂ ಗಂಧದ ಕೊರಡನ್ನೂ ಕೆತ್ತಿದಂತೆ ಮೆತ್ತನೆಯ ಕಲ್ಲನ್ನು ಕೆತ್ತುವುದರಲ್ಲಿ ಏನು ಸಾಹಸ, ಕಗ್ಗಲ್ಲನ್ನು ಪಳಗಿಸಿದವನೇ ನಿಜವಾದ ಶಿಲ್ಪಿಯೆಂಬುದು ಅವರ ವಾದ. ಸುಮಾರು ೯೮೩ರಲ್ಲಿ ಚಾವುಂಡರಾಯನು ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ, ಸುಮಾರು ೫೮ ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಅವರು ಉದಾಹರಿಸುವರು.

ಈ ವಾದವನ್ನು ಸ್ವಲ್ಪ ಪರೀಕ್ಷಿಸಿ ನೋಡೋಣ. ಗೊಮ್ಮಟನ ಮೈಯಲ್ಲಿ ಆಭರಣವಿಲ್ಲ. ಕಗ್ಗಲ್ಲಿಗೆ ಆ ನಿರಾಭರಣವಾದ ವಿಸ್ತಾರವೇ ಒಪ್ಪುವುದು. ಅಮೃತಾಪುರದ ಭುವನೇಶ್ವರಿಯಲ್ಲಿ ಹೂವಿನೊಳಗೆ ಹೂವು, ಸುತ್ತಿನೊಳಗೆ ಸುತ್ತು. ಬಳಪದ ಕಲ್ಲಿಗೆ ಆ ಸೂಕ್ಷ್ಮವೇ ಒಪ್ಪುವುದು. ಒಂದು ಕಲ್ಲು ಹಿರಿದನ್ನು ಕೇಳಿತು, ಮತ್ತೊಂದು ಕಿರಿದನ್ನು ಕೇಳಿತು. ಅವರವರ ಕಲ್ಲಿನ ಮಾತನ್ನು ಇಬ್ಬರು ಶಿಲ್ಪಿಗಳೂ ಕಿವಿಗೊಟ್ಟು ಕೇಳಿದರು. ಇದಲ್ಲದೆ ಮೆತ್ತನೆಯ ಕಲ್ಲಿನಲ್ಲಿ ಕೆಲಸವು ಸುಲಭವೆಂಬುದೂ ಅರ್ಧಸತ್ಯವು. ಕಗ್ಗಲ್ಲು ತಪ್ಪು ಪೆಟ್ಟನ್ನು ಎದುರಿಸಿ ನಿಲ್ಲಬಹುದು. ಮೃದುಶಿಲೆಯಲ್ಲಿ ಒಂದು ಪೆಟ್ಟು ಹೆಚ್ಚಾದರೆ ದಿನಗಟ್ಟಲೆ ದುಡಿದ ಎಸಳು ಉದುರಿಹೋಗುವುದು. ಕೈಗೆ ಸುಲಭವಾದುದು ಮನಸ್ಸಿಗೆ ಕಠಿನವಾಗುವ ಬಗೆಯಿದು.

ಅದೇ ಅಮೃತಾಪುರದ ಮಂಟಪದಲ್ಲಿ ಇನ್ನೊಂದು ಸಾಕ್ಷ್ಯವೂ ನಿಂತಿದೆ. ಸಾಲುಸಾಲಾಗಿ ಹೊಳೆಯುವ ಅಲ್ಲಿಯ ಕಂಬಗಳು ಬರಿಯ ಸುತ್ತಿಗೆ ಉಳಿಗಳಿಂದಾದುವಲ್ಲ. ತಿರುಗುವ ಕಲ್ಲಿಗೆ ಉಳಿಯನ್ನು ತಾಗಿಸಿ ಕಡೆದಂಥವು. ಅಂದರೆ ಕಡಸಲು ಯಂತ್ರವು ಎಂಟು ಶತಮಾನಗಳ ಹಿಂದೆಯೇ ನಮ್ಮ ಸೀಮೆಯ ಶಿವಾಲಯದೊಳಗೆ ಪ್ರವೇಶಿಸಿತ್ತು. ಕಂಬದ ದುಂಡನ್ನು ಯಂತ್ರವು ಕೊಟ್ಟಿತು. ಆದರೆ ಎಲ್ಲಿ ಗಂಟೆಯಾಕಾರವಾಗಿ ಉಬ್ಬಬೇಕು, ಎಲ್ಲಿ ಬಳೆಯಂತೆ ಕುಗ್ಗಬೇಕು, ಎಷ್ಟು ಎತ್ತರಕ್ಕೆ ಎಷ್ಟು ದಪ್ಪವು ಅಂದವೆಂಬುದನ್ನು ಯಂತ್ರವು ಹೇಳಲಿಲ್ಲ. ಯಂತ್ರದಿಂದ ಕಡೆದ ಕಂಬಗಳು ಕೆಳಗೆ, ಮಲ್ಲಿತಮ್ಮನು ಕೈಯಾರೆ ಬಿಡಿಸಿದ ಭುವನೇಶ್ವರಿಗಳು ಮೇಲೆ. ಒಂದನ್ನು ಇನ್ನೊಂದು ಹೊತ್ತು ನಿಂತಿದೆ. ಇವುಗಳಲ್ಲಿ ಒಂದು ಕಲೆ, ಒಂದು ಕಲೆಯಲ್ಲವೆಂದು ಅಲ್ಲಿಗೆ ಹೋದ ಯಾವ ಯಾತ್ರಿಕನೂ ಹೇಳಲಾರನು.

ದೇವಾಲಯದ ಮುಖಮಂಟಪದ ಬಳಿ ಒಂದು ದೊಡ್ಡ ಶಿಲಾಶಾಸನವಿದೆ. ಅದರ ಪದ್ಯಗಳನ್ನು ರಚಿಸಿದವನು, ೧೨೦೯ರಲ್ಲಿ ಯಶೋಧರ ಚರಿತೆಯನ್ನು ಬರೆದ ಕವಿಚಕ್ರವರ್ತಿ ಜನ್ನನೇ. ಆ ಕಾಲದ ಕವಿಯ ಸಾಧನವು ಓಲೆಗರಿಯ ಮೇಲೆ ಗೀಚುವ ಕಬ್ಬಿಣದ ಕಂಟ. ಶಾಸನವನ್ನು ಬಿಡಿಸುವವನ ಸಾಧನವು ಉಳಿ. ಪದ್ಯವು ಓಲೆಯಲ್ಲಿದ್ದಾಗ ಕಡಿಮೆ ಬೆಲೆಯದೂ ಕಲ್ಲಿಗೇರಿದಾಗ ಹೆಚ್ಚು ಬೆಲೆಯದೂ ಆಯಿತೇ? ಇಲ್ಲ. ಲೂಯಿ ರೈಸ್ ಮಹಾಶಯನು ಅಂದಿನ ಕಡೂರು ಜಿಲ್ಲೆಯ ಶಾಸನಗಳನ್ನು ೧೯೦೧ರಲ್ಲಿ ಅಚ್ಚುಹಾಕಿಸಿ ಪ್ರಕಟಿಸಿದನು. ಸೀಸದ ಅಚ್ಚಿನ ಮೊಳೆಯಲ್ಲಿ ಮೂಡಿದಾಗಲೂ ಜನ್ನನ ಪದ್ಯದ ಕಾಂತಿಯು ಕುಂದಲಿಲ್ಲ. ಆದರೆ ಕಲ್ಲಿಗೇರಿದ ಕಾರಣದಿಂದ ಅದು ಅಳಿಯದೆ ಉಳಿದು ನಮ್ಮವರೆಗೆ ಬಂದಿತು. ಸಾಧನದ ಉಪಕಾರವು ಇಷ್ಟು. ಇದು ಅಲ್ಪವಲ್ಲ, ಆದರೆ ಇದೇ ಸರ್ವಸ್ವವೂ ಅಲ್ಲ.

ಅಮೃತಾಪುರದಿಂದ ಹೊರಟ ಮಲ್ಲಿತಮ್ಮನ ಹೆಸರು ಬಳಿಕ ನಾಡಿನ ಹಲವು ಕಡೆ ಕಾಣಿಸಿಕೊಳ್ಳುವುದು. ಅರಸೀಕೆರೆ ಸೀಮೆಯ ಹಾರನಹಳ್ಳಿ, ಜಾವಗಲ್ಲುಗಳಲ್ಲಿ ಅವನ ಕೆಲಸವಿದೆ. ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ದೇವಾಲಯದಲ್ಲಿ ಅವನೂ ಬೈಚೋಜನೆಂಬ ಮತ್ತೊಬ್ಬ ರೂವಾರಿಯೂ ಜೊತೆಯಾದರು. ತೆಂಕಣ ಗೋಡೆಯ ಮೂರ್ತಿಗಳು ಬೈಚೋಜನವು. ಬಡಗಣ ಗೋಡೆಯವು ಮಲ್ಲಿತಮ್ಮನವು. ನಮ್ಮ ಪ್ರಶ್ನೆಗೆ ಇದಕ್ಕಿಂತ ಸ್ಪಷ್ಟವಾದ ಪರೀಕ್ಷೆಯು ದೊರೆಯಲಾರದು. ಗುಡಿ ಒಂದೇ, ಕಲ್ಲು ಒಂದೇ ಜಾತಿಯದು, ಕಾಲವೂ ಒಂದೇ, ಉಳಿ ಸುತ್ತಿಗೆಗಳೂ ಒಂದೇ ಬಗೆಯವು. ಆದರೂ ಎರಡು ಗೋಡೆಗಳು ಇಬ್ಬರು ಮನುಷ್ಯರ ಮಾತನ್ನಾಡುತ್ತವೆ. ಬೆಲೆಯು ಸಲಕರಣೆಯಲ್ಲಿಯೇ ಇದ್ದಿದ್ದರೆ ಗುಡಿಯನ್ನು ಪ್ರದಕ್ಷಿಣೆಮಾಡುವವನಿಗೆ ಯಾವ ಭೇದವೂ ತೋರಬಾರದಾಗಿತ್ತು.

ಕೊನೆಗೆ ಮುಮ್ಮಡಿ ನರಸಿಂಹನ ಕಾಲದಲ್ಲಿ ಕಾವೇರಿಯ ಸೀಮೆಯ ಸೋಮನಾಥಪುರದಲ್ಲಿ ಸೋಮನಾಥ ದಂಡನಾಯಕನು ಕಟ್ಟಿಸಿದ ತ್ರಿಕೂಟ ಕೇಶವಾಲಯದಲ್ಲಿ ಮಲ್ಲಿತಮ್ಮನ ಹೆಸರು ಎಲ್ಲರಿಗಿಂತ ಹೆಚ್ಚಾಗಿ ಮೆರೆಯುವುದು. ಅಲ್ಲಿಯ ಹೊರಭಿತ್ತಿಯಲ್ಲಿರುವ ೧೯೪ ದೊಡ್ಡ ಮೂರ್ತಿಗಳಲ್ಲಿ ಸುಮಾರು ೪೦ ಅವನ ಅಂಕಿತವನ್ನು ಹೊತ್ತಿವೆ. ಪ್ರಾಕ್ತನವಿಮರ್ಶ ವಿಚಕ್ಷಣ ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿ ಈ ದೇವಾಲಯವನ್ನು ಕುರಿತು ಗ್ರಂಥವನ್ನು ಪ್ರಕಟಿಸಿ ರೂವಾರಿಗಳ ಹೆಸರುಗಳನ್ನು ಲೋಕಕ್ಕೆ ತಿಳಿಸಿದರು. ೨೦೨೩ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಈ ದೇವಾಲಯವೂ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ತರೀಕೆರೆಯ ಸೀಮೆಯಲ್ಲಿ ಹದಗೊಂಡ ಕೈಗೆ ಲೋಕವು ಸಲ್ಲಿಸಿದ ಗೌರವವೆಂದು ನಾವು ಇದನ್ನು ಭಾವಿಸಿದರೆ ತಪ್ಪಾಗಲಾರದು.

ಇಷ್ಟರಿಂದ ಸಾಧನವು ನಿಮಿತ್ತಮಾತ್ರವೆಂದು ಅದನ್ನು ಅಲಕ್ಷ್ಯಮಾಡಲಾಗದು. ಮೃದುಶಿಲೆಯು ಶಿಲ್ಪಿಗೆ ಆಸೆಯನ್ನೂ ಒಡ್ಡುವುದು. ಕೆತ್ತಲು ಬರುವುದೆಂಬ ಒಂದೇ ಕಾರಣದಿಂದ ಹಾರದ ಮೇಲೆ ಹಾರವನ್ನೂ ಎಲೆಯ ಮೇಲೆ ಎಲೆಯನ್ನೂ ಹೇರುವ ಚಪಲವು ಹೊಯ್ಸಳ ಶಿಲ್ಪದಲ್ಲಿ ಕೆಲವೆಡೆ ಇಲ್ಲದಿಲ್ಲ. ಅಲಂಕಾರದಲ್ಲಿಯೇ ಹೆಸರಾದ ಮಲ್ಲಿತಮ್ಮನನ್ನೂ ಈ ಆಕ್ಷೇಪಣೆಯಿಂದ ಪೂರ್ಣವಾಗಿ ಬಿಡಿಸಲಾಗದೆಂಬುದನ್ನು ನಾವು ಒಪ್ಪಿಕೊಳ್ಳತಕ್ಕದ್ದು. ಸಾಧನವು ಯಾವುದನ್ನು ಸುಲಭಮಾಡುವುದೋ ಅಲ್ಲಿಯೇ ಕಲಾವಿದನು ಎಚ್ಚರದಿಂದಿರಬೇಕಾದುದು. ಇಂದಿನ ಯಂತ್ರವು ಒಂದೇ ರೂಪವನ್ನು ನೂರು ಸಲ ತೆಗೆಯುವುದನ್ನು ಸುಲಭಮಾಡಿದೆ. ಆ ಸುಲಭಕ್ಕೆ ಸೋತು ನೂರನ್ನೂ ಒಂದೇ ಅಚ್ಚಿನಲ್ಲಿ ತೆಗೆದು ಮಾರುವವನ ಕೆಲಸಕ್ಕೆ ಬೆಲೆ ತಗ್ಗುವುದು ನಿಶ್ಚಯ. ಆದರೆ ಆ ದೋಷವು ಯಂತ್ರದ್ದಲ್ಲ. ಅದೇ ಯಂತ್ರದಿಂದ ಒರಟು ಕಲ್ಲನ್ನು ಸವರಿ, ಉಳಿದ ಹೊತ್ತನ್ನೆಲ್ಲ ಮುಖದ ಪ್ರಸನ್ನತೆಗೆ ಧಾರೆಯೆರೆವ ಶಿಲ್ಪಿಯು ಮಲ್ಲಿತಮ್ಮನ ಕುಲದವನೇ ಸರಿ. ಮೂರ್ತಿಗೆ ಕಣ್ಣು ತೆರೆಯುವ ವಿಧಿಯಲ್ಲಿ ಚಿನ್ನದ ಶಲಾಕೆಯನ್ನು ಹಿಡಿಯುವ ವಾಡಿಕೆಯುಂಟು. ಎಲ್ಲರೂ ಆ ಶಲಾಕೆಗೆ ಕೈಮುಗಿಯುವರು. ತಿಂಗಳುಗಟ್ಟಲೆ ಧೂಳಿನಲ್ಲಿ ದುಡಿದ ಕಬ್ಬಿಣದ ಉಳಿಯನ್ನೂ, ಅದಕ್ಕೆ ಹದ ಹಿಡಿದ ಕಮ್ಮಾರನನ್ನೂ ನೆನೆಯುವವರು ವಿರಳ.

ಶರಣರು ಈ ಉಳಿಯನ್ನು ಮರೆತವರಲ್ಲ. ಅಂಬಿಗರ ಚೌಡಯ್ಯನ ಹುಟ್ಟು, ನುಲಿಯ ಚಂದಯ್ಯನ ಹುಲ್ಲಿನ ಹಗ್ಗ, ಮಾದಾರ ಚೆನ್ನಯ್ಯನ ಕುಲದ ಕಸುಬಿನ ಚರ್ಮ, ಇವುಗಳಲ್ಲಿ ಮೇಲುಕೀಳೆಂಬುದನ್ನು ಅನುಭವಮಂಟಪವು ಎಣಿಸಲಿಲ್ಲ; ಹಿಡಿದವನ ಚಿತ್ತಶುದ್ಧಿಯನ್ನು ಮಾತ್ರ ಕೇಳಿತು. ಆಯ್ದಕ್ಕಿ ಲಕ್ಕಮ್ಮನು ತನ್ನ ಪತಿಯು ತಂದ ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದುದು ಅಕ್ಕಿಯ ದೋಷದಿಂದಲ್ಲ, ಮನಸ್ಸಿನಲ್ಲಿ ಆಸೆಯು ಇಣುಕಿತೆಂಬ ಶಂಕೆಯಿಂದ. ನಮ್ಮ ಅಂಗದ ಮೇಲಿನ ಇಷ್ಟಲಿಂಗವೂ ಯಾವ ಉಳಿಯಿಂದ ಆಯಿತೆಂದು ನಾವಾರೂ ವಿಚಾರಿಸುವುದಿಲ್ಲ. ಗುರುಹಸ್ತದಿಂದ ಬಂದುದೆಂಬುದೇ ನಮಗೆ ಪ್ರಮಾಣವು.

ಭಕ್ತ ಮಹಾಶಯರು ಒಮ್ಮೆ ಅಮೃತಾಪುರಕ್ಕೆ ಹೋಗಿ, ದರ್ಶನವನ್ನು ಮುಗಿಸಿ, ಆ ತೆರೆದ ಮಂಟಪದಲ್ಲಿ ಕ್ಷಣಕಾಲ ಕುಳಿತು ತಲೆಯೆತ್ತಿ ನೋಡಬೇಕೆಂದು ನಮ್ಮ ಪ್ರಾರ್ಥನೆ. ಅಲ್ಲಿಯ ಅರೆಗತ್ತಲೆಯಲ್ಲಿ ಕಲ್ಲಿನ ಹೂಗಳು ಅರಳಿವೆ. ನೂರರಲ್ಲಿ ಹತ್ತು ಜನರಾದರೂ ಕತ್ತೆತ್ತಿ ನೋಡುವರೆಂಬ ಭರವಸೆಯಿಲ್ಲದ ಎಡೆಯಲ್ಲಿ, ಹೊರಗೋಡೆಗೆ ಸಲ್ಲುವಷ್ಟೇ ಶ್ರದ್ಧೆಯು ಸಂದಿದೆ. ಆ ಶ್ರದ್ಧೆಯನ್ನು ಯಾವ ಉಳಿಯೂ ಕೊಡಲಾರದು, ಯಾವ ಯಂತ್ರವೂ ಕಸಿಯಲಾರದು. ಕಲೆಗೆ ಬೆಲೆಯು ಬಂದುದು ಅಲ್ಲಿಂದಲೇ. ನಮ್ಮ ಸೀಮೆಯ ತರುಣ ಶಿಲ್ಪಿಗಳು ಕೈಯುಳಿಯನ್ನೇ ಹಿಡಿಯಲಿ, ಯಂತ್ರವನ್ನೇ ಹಿಡಿಯಲಿ, ಕಾಣದ ಮೂಲೆಯನ್ನೂ ಕಾಣುವ ಮುಖದಂತೆಯೇ ತಿದ್ದುವ ಬುದ್ಧಿಯು ಅವರಿಗೆ ಪ್ರಾಪ್ತವಾಗಲಿ. ಶ್ರೀಗುರುವಿನ ಕರುಣೆಯು ಅವರ ಕೈಯಲ್ಲಿಯೂ ಕಣ್ಣಿನಲ್ಲಿಯೂ ನೆಲೆಸಲಿ.