234 ಗಂಡಸರ ನಡುವೆ ಒಬ್ಬಾಕೆ

1921ರ ಡಿಸೆಂಬರ್‌ನಲ್ಲಿ ಕೆನಡಾದ ಪಾರ್ಲಿಮೆಂಟಿಗೆ ಚುನಾವಣೆ ನಡೆಯಿತು. ಅಲ್ಲಿನ ಬಹುಪಾಲು ಹೆಂಗಸರಿಗೆ ಓಟು ಸಿಕ್ಕ ಮೊದಲ ಚುನಾವಣೆ ಅದೇ. ಗೆದ್ದ 235 ಮಂದಿಯಲ್ಲಿ 234 ಜನ ಗಂಡಸರು. ಉಳಿದಾಕೆ ಆಗ್ನೆಸ್ ಮ್ಯಾಕ್‌ಫೇಲ್.

ಆಕೆ ಒಂಟಾರಿಯೋ ಪ್ರಾಂತ್ಯದ ರೈತರ ಮಗಳು, ಹುಟ್ಟಿದ್ದು 1890ರಲ್ಲಿ. ಹಳ್ಳಿ ಶಾಲೆಗಳಲ್ಲಿ ಪಾಠ ಹೇಳುತ್ತಾ ರೈತ ಸಂಘಕ್ಕೆ ಸೇರಿದಳು, ಅಲ್ಲಿಂದ ನೇರ ಪಾರ್ಲಿಮೆಂಟು. ಪತ್ರಿಕೆಯವರು ಏನು ಬರೆದರು ಗೊತ್ತೇ? ಆಕೆಯ ಉಡುಪು, ಟೋಪಿ ಇತ್ಯಾದಿ! 1935ರವರೆಗೆ ಆ ಸಭೆಯಲ್ಲಿ ಇನ್ನೊಬ್ಬ ಹೆಂಗಸು ಬರಲೇ ಇಲ್ಲ.

ಆದರೆ ಆಕೆ ಬಾಯಿ ಮುಚ್ಚಿ ಕೂರುವವಳಲ್ಲ. ಶಾಲಾಮಕ್ಕಳಿಗೆ ಸೈನಿಕ ಕವಾಯತು ಯಾಕೆ ಅಂತ ಕೇಳಿದಳು. 1929ರಲ್ಲಿ ಜಿನೀವಾದ ರಾಷ್ಟ್ರಸಂಘಕ್ಕೆ ಹೋದಾಗ, ಹೆಂಗಸರಿಗೆಂದು ಎತ್ತಿಟ್ಟಿದ್ದ ಸಮಿತಿ ಬೇಡವೆಂದು ಹಟ ಹಿಡಿದು ನಿಶ್ಶಸ್ತ್ರೀಕರಣದ ಸಮಿತಿಯಲ್ಲೇ ಕುಳಿತಳು.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣೋದು ಜೈಲಿನ ವಿಷಯ. ಕೈದಿಗಳ ಪರ ಮಾತಾಡಿದರೆ ಯಾವ ಊರಲ್ಲಿ ಓಟು ಬೀಳುತ್ತೆ ಹೇಳಿ? ಕಿಂಗ್‌ಸ್ಟನ್ನಿನ ದೊಡ್ಡ ಸೆರೆಮನೆಗೆ ತಾನೇ ಹೋಗಿ ನೋಡಿ ಬಂದಳು. ಕೈದಿಗಳನ್ನು ಹೊಡೆಯುವುದು ನಿಲ್ಲಬೇಕು, ಅವರಿಗೆ ಉಪಯೋಗದ ಕೆಲಸ ಕೊಡಬೇಕು, ಕೆಲಸಕ್ಕೆ ಒಂದಿಷ್ಟು ಕೂಲಿಯೂ ಸಿಗಬೇಕು ಅಂತ ವರ್ಷಗಟ್ಟಲೆ ವಾದಿಸಿದಳು. ಸಭೆಯಲ್ಲಿ ನಕ್ಕವರಿದ್ದರು, ರೇಗಿದವರಿದ್ದರು. ಕೊನೆಗೆ 1936ರಲ್ಲಿ ಸರ್ಕಾರ ನ್ಯಾಯಮೂರ್ತಿ ಆರ್ಶಾಂಬೋ ಅವರ ಆಯೋಗ ನೇಮಿಸಿತು. 1938ರ ಅದರ ವರದಿ ಹೆಚ್ಚುಕಮ್ಮಿ ಆಕೆ ಹೇಳುತ್ತಾ ಬಂದದ್ದನ್ನೇ ಹೇಳಿತು. ಮರುವರ್ಷ ಯುದ್ಧ ಶುರುವಾಯಿತು, ವರದಿ ಮೂಲೆಗೆ ಬಿತ್ತು.

1940ರಲ್ಲಿ ಆಕೆ ಸೋತಳು. ಆಗಿನ ಸದಸ್ಯರಿಗೆ ಪಿಂಚಣಿ ಇರಲಿಲ್ಲ. ಐವತ್ತರ ವಯಸ್ಸಿನಲ್ಲಿ ಹೊಟ್ಟೆಪಾಡಿಗೆ ಪತ್ರಿಕೆಗೆ ರೈತರ ಬಗ್ಗೆ ಅಂಕಣ ಬರೆಯಬೇಕಾಯಿತು. 1943ರಲ್ಲಿ ಒಂಟಾರಿಯೋ ವಿಧಾನಸಭೆಗೆ ಗೆದ್ದಳು, 1945ರಲ್ಲಿ ಸೋತಳು, 1948ರಲ್ಲಿ ಮತ್ತೆ ಗೆದ್ದಳು. ನಮ್ಮ ಕಾಮರ್ಸ್ ಕ್ಲಾಸಿನವರಿಗೆ ಹಿಡಿಸುವ ವಿಷಯ ಮುಂದಿದೆ: ಒಂದೇ ಕೆಲಸಕ್ಕೆ ಹೆಣ್ಣಿಗೂ ಗಂಡಿನಷ್ಟೇ ಸಂಬಳ ಎಂಬ ಆ ಪ್ರಾಂತ್ಯದ ಮೊದಲ ಕಾನೂನು 1951ರಲ್ಲಿ ಬಂತು, ಅದರ ಹಿಂದೆ ಆಕೆಯ ಒತ್ತಾಯವಿತ್ತು. ಅದೇ ವರ್ಷದ ಚುನಾವಣೆಯಲ್ಲಿ ಜನ ಆಕೆಯನ್ನು ಮತ್ತೆ ಸೋಲಿಸಿದರು.

1954ರ ಫೆಬ್ರವರಿಯಲ್ಲಿ ಟೊರಾಂಟೋದಲ್ಲಿ ತೀರಿಕೊಂಡಾಗ ವಯಸ್ಸು 63. ಪಿಂಚಣಿಯಿಲ್ಲದೆ ಪರದಾಡಿದ ಆ ಹೆಣ್ಣಿನ ಮುಖವನ್ನು 2017ರಲ್ಲಿ ಕೆನಡಾ ಹತ್ತು ಡಾಲರಿನ ವಿಶೇಷ ನೋಟಿನ ಮೇಲೆ ಅಚ್ಚು ಹಾಕಿಸಿತು, ಮೂವರು ಗಂಡಸರ ಜೊತೆಗೆ.