ಕೆಮ್ಮು-ಕಫಕ್ಕೆ ಹೋಮಿಯೋಪತಿ: ಹಾನೆಮನ್ ಯಾರು, ಅವರ ಲೆಕ್ಕ ಏನು?

ಕೆಮ್ಮು, ಕಫಕ್ಕೆ ಡಾಕ್ಟರ್ ಬೇಡ, ಅಂಗಡಿಯಲ್ಲಿ ಸಿಗುವ ಹೋಮಿಯೋಪತಿ ಗುಳಿಗೆ ಸಾಕು ಎನ್ನುವ ಸಂದೇಶ ನಿಮಗೂ ಬಂದಿರಬಹುದು. ಫಾರ್ವರ್ಡ್ ಮಾಡುವ ಮೊದಲು ಈ ಪದ್ಧತಿ ಹುಟ್ಟುಹಾಕಿದವರ ಬದುಕನ್ನು ನಾವು ಒಮ್ಮೆ ನೋಡೋಣ.

ಸ್ಯಾಮ್ಯುಯೆಲ್ ಹಾನೆಮನ್ 1755ರಲ್ಲಿ ಇಂದಿನ ಜರ್ಮನಿಯ ಮೈಸೆನ್‌ನಲ್ಲಿ ಹುಟ್ಟಿದರು. 1779ರಲ್ಲಿ ವೈದ್ಯ ಪದವಿ ಪಡೆದರು. ಆಗ ರೋಗಿಯ ರಕ್ತ ಹರಿಸುವುದು, ಪಾದರಸದ ಔಷಧಿ ಕೊಡುವುದು ಸಾಮಾನ್ಯವಾಗಿತ್ತು. ಇದರಿಂದ ಬೇಸತ್ತ ಹಾನೆಮನ್ ವೃತ್ತಿ ಬಿಟ್ಟು, ಪುಸ್ತಕಗಳ ಅನುವಾದದಿಂದ ಸಂಸಾರ ಸಾಗಿಸಿದರು. 1790ರಲ್ಲಿ ಮಲೇರಿಯಾಕ್ಕೆ ಕೊಡುತ್ತಿದ್ದ ಸಿಂಕೋನಾ ತೊಗಟೆಯನ್ನು ತಾವೇ ಸೇವಿಸಿದಾಗ ಜ್ವರದಂಥ ಲಕ್ಷಣಗಳು ಕಂಡವು. ಲಕ್ಷಣ ತರುವ ವಸ್ತುವೇ ಅಂಥ ರೋಗವನ್ನು ಕಳೆಯುತ್ತದೆ ಎಂದು ಅವರು ನಂಬಿದರು. ಅದನ್ನು ತೆಳುಗೊಳಿಸಿ ಕುಲುಕಿದಷ್ಟೂ ಶಕ್ತಿ ಹೆಚ್ಚುತ್ತದೆ ಎಂದೂ ನಂಬಿದರು. 1843ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ರಕ್ತ ಹರಿಸುವುದನ್ನು ಅವರು ವಿರೋಧಿಸಿದ್ದು ಸರಿಯೇ. ಅವರ ರೋಗಿಗಳು ಆ ಹಿಂಸೆಯಿಂದ ಪಾರಾದರು. ಆದರೆ ತೆಳುಗೊಳಿಸುವ ಲೆಕ್ಕ ನೋಡಿ. ಬಾಟಲಿಯ ಮೇಲೆ 30ಸಿ ಎಂದಿದ್ದರೆ, ನೂರರಲ್ಲಿ ಒಂದು ಪಾಲಿನಂತೆ 30 ಸಲ ತೆಳುಗೊಳಿಸಲಾಗಿದೆ ಎಂದರ್ಥ. 12 ಸಲ ದಾಟಿದ ಮೇಲೆ ಮೂಲ ವಸ್ತುವಿನ ಒಂದು ಅಣು ಉಳಿದಿರುವುದೂ ಅನುಮಾನ.

ಹಾಗಾದರೆ ಕೆಮ್ಮು ವಾಸಿಯಾಗುವುದು ಹೇಗೆ? ಶೀತದ ಕೆಮ್ಮು ಸಾಮಾನ್ಯವಾಗಿ ತಾನಾಗಿಯೇ ಹೋಗುತ್ತದೆ, ಹೆಸರು ಗುಳಿಗೆಗೆ ಬರುತ್ತದೆ. ಆದರೆ ಎರಡು ವಾರ ದಾಟಿದ ಕೆಮ್ಮು ಕ್ಷಯವೂ ಆಗಿರಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಉಚಿತ. ಕಫದಲ್ಲಿ ರಕ್ತ ಬಂದರೆ, ಮಗು ಏದುಸಿರು ಬಿಡುತ್ತಿದ್ದರೆ ಗುಳಿಗೆ ಕೊಟ್ಟು ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಹೋಗಿ.