ಟ್ರೋಫಿಯ ಮೇಲಿನ ಹೆಸರು

ಅಂತರಕಾಲೇಜು ಪಂದ್ಯಗಳು ಮುಗಿದವೆಂದರೆ ನಮ್ಮ ಗೆಳೆಯರ ಗುಂಪಿನಲ್ಲಿ ಒಂದೇ ಜಗಳ. ಈ ಸಲ ನಿಜಕ್ಕೂ ಒಳ್ಳೆಯ ಫುಟ್‌ಬಾಲ್ ತಂಡ ಯಾವುದು? ಕಪ್ ಗೆದ್ದವರೋ, ಚೆನ್ನಾಗಿ ಆಡಿಯೂ ಪೆನಾಲ್ಟಿಯಲ್ಲಿ ಸೋತವರೋ? ಶ್ರೀರಂಗಪಟ್ಟಣದ ಟೀ ಅಂಗಡಿಯೊಂದರಲ್ಲಿ ಕೂತು ಒಂದರಿಂದ ಹತ್ತರವರೆಗೆ ಪಟ್ಟಿ ಬರೆಯುತ್ತಿದ್ದೆವು. ಕೆ.ಆರ್. ಪೇಟೆಯವನ ಪಟ್ಟಿಯಲ್ಲಿ ಅವನ ಕಾಲೇಜೇ ಮೊದಲು, ನಾಗಮಂಗಲದವನ ಪಟ್ಟಿಯಲ್ಲಿ ಅವನದು. ನಮ್ಮ ಕಾಲೇಜು ಯಾರ ಪಟ್ಟಿಯಲ್ಲೂ ಇರಲಿಲ್ಲ. ನಿಜ ಹೇಳಬೇಕೆಂದರೆ ನನ್ನದರಲ್ಲೂ ಇರಲಿಲ್ಲ.

ಅಮೆರಿಕದಲ್ಲಿ ಇಂಥ ಪಟ್ಟಿಯನ್ನು ದೊಡ್ಡವರೇ ಮಾಡುತ್ತಾರೆ. ಅಲ್ಲಿನ ಫುಟ್‌ಬಾಲ್ ಬೇರೆ ಆಟ, ಆದರೆ 1936ರಿಂದಲೂ ಪತ್ರಕರ್ತರು ಮತ ಹಾಕಿ ಕಾಲೇಜು ತಂಡಗಳಿಗೆ ರ‍್ಯಾಂಕ್ ಕೊಡುತ್ತಾ ಬಂದಿದ್ದಾರೆ. ನಮ್ಮಲ್ಲಿ ಮತದ ಮಾತಿಲ್ಲ. ವಿಶ್ವವಿದ್ಯಾಲಯದ ತಂಡ ಮೊದಲು ದಕ್ಷಿಣ ವಲಯದಲ್ಲಿ ಆಡಬೇಕು. ಅಲ್ಲಿ ಮೇಲಿನ ಸ್ಥಾನ ಪಡೆದವರು ಅಖಿಲ ಭಾರತ ಕೂಟಕ್ಕೆ ಹೋಗುತ್ತಾರೆ. 1941ರಲ್ಲಿ ಶುರುವಾದ ಆ ಕೂಟವನ್ನು ಗೆದ್ದವರಿಗೆ ಸಿಗುವುದು ಸರ್ ಆಶುತೋಷ್ ಮುಖರ್ಜಿ ಟ್ರೋಫಿ. ಆ ಮುಖರ್ಜಿ ಯಾರೆಂದು ನಮ್ಮಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ. ಡಿಗ್ರಿ ಮುಗಿಸಿ, ನೇಮಕಾತಿ ಪರೀಕ್ಷೆ ಬರೆದು, ಆಯ್ಕೆ ಪಟ್ಟಿಯಲ್ಲಿ ಹೆಸರಿಲ್ಲದೆ ಮನೆಯಲ್ಲಿ ಕೂತಿದ್ದಾಗ ಅವರ ಬಗ್ಗೆ ಓದತೊಡಗಿದೆ.

1864ರ ಜೂನ್ 29ರಂದು ಕಲ್ಕತ್ತೆಯಲ್ಲಿ ಹುಟ್ಟಿದ ಆಶುತೋಷ್ ಡಾಕ್ಟರೊಬ್ಬರ ಮಗ. ಎಂಟ್ರೆನ್ಸ್ ಪರೀಕ್ಷೆಯಲ್ಲಿ ಎರಡನೇ ಸ್ಥಾನ. ಬಿ.ಎ.ಗೆ ಬರುವಷ್ಟರಲ್ಲಿ ಮೊದಲನೆಯವರು. 1885ರಲ್ಲಿ ಗಣಿತದಲ್ಲಿ ಎಂ.ಎ. ಮಾಡಿ ಮರುವರ್ಷವೇ ಭೌತವಿಜ್ಞಾನದಲ್ಲಿ ಇನ್ನೊಂದು ಎಂ.ಎ. ಮುಗಿಸಿದರು. ಹದಿಹರೆಯದಲ್ಲೇ ಅವರ ಗಣಿತದ ಲೇಖನ ಇಂಗ್ಲೆಂಡಿನ ಪತ್ರಿಕೆಯಲ್ಲಿ ಅಚ್ಚಾಗಿತ್ತು. ಇಷ್ಟು ಓದಿದವರಿಗೆ ಸರ್ಕಾರಿ ಶಿಕ್ಷಣ ಇಲಾಖೆಯಲ್ಲಿ ಕೆಲಸವೂ ಕಾದಿತ್ತು. ಯುರೋಪಿಯನ್ನರಿಗೆ ಸಮನಾದ ದರ್ಜೆ ಕೊಡುವುದಿಲ್ಲವೆಂದು ಗೊತ್ತಾದಾಗ ಆ ಕೆಲಸವನ್ನೇ ಬಿಟ್ಟು ವಕೀಲರಾದರು. (ನನಗಾದರೆ ಅಷ್ಟು ಧೈರ್ಯ ಬರುತ್ತಿರಲಿಲ್ಲ.) 1904ರಲ್ಲಿ ಹೈಕೋರ್ಟ್ ನ್ಯಾಯಮೂರ್ತಿಯಾದರು.

1906ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾದ ಮೇಲೂ ನ್ಯಾಯಾಲಯದ ಕೆಲಸ ಬಿಡಲಿಲ್ಲ. ಹಗಲು ಕೋರ್ಟು, ಉಳಿದ ಹೊತ್ತು ವಿಶ್ವವಿದ್ಯಾಲಯ. ಆ ಕಾಲದಲ್ಲಿ ವಿಶ್ವವಿದ್ಯಾಲಯವೆಂದರೆ ಮುಖ್ಯವಾಗಿ ಪರೀಕ್ಷೆ ನಡೆಸಿ ಪದವಿ ಹಂಚುವ ಕಚೇರಿ. ಅದರೊಳಗೆ ಪಾಠ ಮತ್ತು ಸಂಶೋಧನೆ ತಂದವರು ಇವರು. ತಾರಕನಾಥ ಪಾಲಿತ್, ರಾಸ್‌ಬಿಹಾರಿ ಘೋಷ್ ಅವರಂಥ ವಕೀಲರಿಂದ ಲಕ್ಷಗಟ್ಟಲೆ ದಾನ ಪಡೆದು 1914ರಲ್ಲಿ ವಿಜ್ಞಾನ ಕಾಲೇಜಿಗೆ ಅಡಿಗಲ್ಲು ಹಾಕಿಸಿದರು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರು ಜನರನ್ನು ಆರಿಸಿದ ರೀತಿ. 1915ರ ಎಂ.ಎಸ್ಸಿ. ಗಣಿತದಲ್ಲಿ ಸತ್ಯೇಂದ್ರನಾಥ ಬೋಸ್ ಮೊದಲು, ಮೇಘನಾದ ಸಾಹಾ ಎರಡನೆಯವರು. ಮುಖರ್ಜಿ ಇಬ್ಬರನ್ನೂ ಕರೆದು ವಿಜ್ಞಾನ ಕಾಲೇಜಿನಲ್ಲಿ ಪಾಠ ಹೇಳಲು ಹಚ್ಚಿದರು. ಕೆಲವೇ ವರ್ಷಗಳಲ್ಲಿ ಎರಡನೇ ರ‍್ಯಾಂಕಿನ ಸಾಹಾ ನಕ್ಷತ್ರಗಳ ಬೆಳಕನ್ನು ಓದುವ ಸೂತ್ರ ಕೊಟ್ಟು ಹೆಸರಾದರು. ಪಾಲಿತ್ ಪೀಠಕ್ಕೆ ಬಂದ ಸಿ.ವಿ. ರಾಮನ್ ಅವರದು ಇನ್ನೊಂದು ಕಥೆ. ಅವರು ಆಗ ಹಣಕಾಸು ಇಲಾಖೆಯ ಅಧಿಕಾರಿ, ವಿದೇಶದಲ್ಲಿ ಓದಿದವರಲ್ಲ. ಆ ಪೀಠಕ್ಕೆ ವಿದೇಶಿ ತರಬೇತಿ ಬೇಕೆಂಬ ಷರತ್ತಿತ್ತು, ಹೋಗಿಬರಲು ರಾಮನ್ ಒಪ್ಪಲಿಲ್ಲ. ಮುಖರ್ಜಿ ಷರತ್ತನ್ನೇ ಸಡಿಲಿಸಿದರು. 1917ರಲ್ಲಿ ರಾಮನ್ ಸುಮಾರು ಅರ್ಧ ಸಂಬಳಕ್ಕೆ ಪ್ರಾಧ್ಯಾಪಕರಾದರು.

ನಮ್ಮ ಕಡೆಗೂ ಅವರು ಬಂದಿದ್ದರು. 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಮೊದಲ ಘಟಿಕೋತ್ಸವ 1918ರಲ್ಲಿ ನಡೆದಾಗ ಭಾಷಣ ಮಾಡಿದವರು ಇದೇ ಮುಖರ್ಜಿ. ಶ್ರೀರಂಗಪಟ್ಟಣದಿಂದ ಹದಿನೈದು ಕಿಲೋಮೀಟರ್ ದೂರದಲ್ಲಿ! ಮೂರು ವರ್ಷದ ಬಳಿಕ ಮಹಾರಾಜ ಕಾಲೇಜಿನ ತತ್ವಶಾಸ್ತ್ರದ ಪ್ರಾಧ್ಯಾಪಕ ರಾಧಾಕೃಷ್ಣನ್ ಅವರನ್ನು ಕಲ್ಕತ್ತೆಗೆ ಕರೆಸಿಕೊಂಡವರೂ ಅವರೇ. ಮೈಸೂರಿನ ಹುಡುಗರು ಕುದುರೆ ಬಿಚ್ಚಿ ಗಾಡಿಯನ್ನು ತಾವೇ ಎಳೆದು ಮೇಷ್ಟ್ರನ್ನು ಸ್ಟೇಷನ್ನಿಗೆ ಬಿಟ್ಟುಬಂದ ಕಥೆ ಎಲ್ಲರಿಗೂ ಗೊತ್ತು. ಆ ರೈಲು ಯಾಕೆ ಹತ್ತಬೇಕಾಯಿತು ಎಂಬುದು ಮಾತ್ರ ನನಗೆ ಈಗ ತಿಳಿಯಿತು.

ಮುಖರ್ಜಿಯವರಿಗೆ ಟೀಕಾಕಾರರೂ ಕಡಿಮೆಯಿರಲಿಲ್ಲ. ಅವರ ಅವಧಿಯಲ್ಲಿ ಮೆಟ್ರಿಕ್ಯುಲೇಷನ್ ಪಾಸಾಗುವವರ ಪ್ರಮಾಣ ಬಹಳ ಏರಿತು. ಪದವಿಯ ಬೆಲೆ ಇಳಿಯಿತೆಂದು ಹಲವರು ದೂರಿದರು. ಆ ದೂರಿನಲ್ಲಿ ಹುರುಳೇ ಇಲ್ಲವೆನ್ನಲಾರೆ. ಲಕ್ಷಾಂತರ ಮಂದಿ ಪದವಿ ಹಿಡಿದು ಸಾಲಿನಲ್ಲಿ ನಿಂತಿರುವ ನಮಗೆ ಅದು ಅರ್ಥವಾಗುತ್ತದೆ. ಆದರೆ ಬಾಗಿಲು ಕಿರಿದು ಮಾಡಿದ್ದರೆ ಮೊದಲು ಹೊರಗುಳಿಯುತ್ತಿದ್ದವರು ಹಳ್ಳಿಯ ಹುಡುಗರೇ ಅಲ್ಲವೇ? ಸಾಹಾ ಕೂಡ ಢಾಕಾ ಬಳಿಯ ಹಳ್ಳಿಯ ಸಣ್ಣ ಅಂಗಡಿಯವರ ಮಗ. ಎಲ್ಲ ಪರೀಕ್ಷೆಗಳಲ್ಲೂ ಮೇಲೆ ನಿಂತ ಮನುಷ್ಯ, ಕೆಳಗಿನ ಸಾಲಿನವರಿಗೂ ಜಾಗ ಇರಲೆಂದು ಹಟ ಹಿಡಿದದ್ದು ನನಗೆ ಹಿಡಿಸಿತು.

1923ರಲ್ಲಿ ಗವರ್ನರ್ ಲಿಟ್ಟನ್ ಕೆಲವು ಷರತ್ತುಗಳ ಮೇಲೆ ಅವರನ್ನು ಮತ್ತೆ ಕುಲಪತಿ ಮಾಡಲು ಮುಂದಾದರು. ಸರ್ಕಾರಕ್ಕೆ ತಲೆಬಾಗಿ ನಡೆಯಬೇಕಾದ ಆ ಹುದ್ದೆಯನ್ನು ಮುಖರ್ಜಿ ಖಾರವಾದ ಪತ್ರ ಬರೆದು ತಿರಸ್ಕರಿಸಿದರು. ಅದೇ ವರ್ಷ ನ್ಯಾಯಮೂರ್ತಿ ಸ್ಥಾನದಿಂದಲೂ ನಿವೃತ್ತರಾಗಿ ಮತ್ತೆ ವಕೀಲಿಗೆ ಇಳಿದರು. ಒಂದು ಮೊಕದ್ದಮೆಗಾಗಿ ಪಾಟ್ನಾಕ್ಕೆ ಹೋಗಿದ್ದವರು 1924ರ ಮೇ 25ರಂದು ಅಲ್ಲೇ ತೀರಿಕೊಂಡರು. ಆಗ ಅವರಿಗೆ ಅರವತ್ತು ತುಂಬಿರಲಿಲ್ಲ. ಅವರು ಆರಿಸಿದ್ದ ಬೋಸ್ ಢಾಕಾದಿಂದ ಐನ್‌ಸ್ಟೈನ್‌ಗೆ ತಮ್ಮ ಪ್ರಸಿದ್ಧ ಪತ್ರ ಬರೆದದ್ದು ಜೂನ್ 4ರಂದು, ಅಂದರೆ ಹತ್ತು ದಿನದ ನಂತರ.

ಈ ವರ್ಷದ ಫುಟ್‌ಬಾಲ್ ಪಟ್ಟಿಯನ್ನು ನಾವಿನ್ನೂ ಬರೆದಿಲ್ಲ. ಹತ್ತನೇ ಸ್ಥಾನ ನಮ್ಮ ಕಾಲೇಜಿಗೆ ಕೊಡಬೇಕೆಂದಿದ್ದೇನೆ. ಕೆ.ಆರ್. ಪೇಟೆಯವನು ಒಪ್ಪುವುದಿಲ್ಲ, ಗೊತ್ತು.